ಕೈ ಎತ್ತು

ಭಾನುವಾರ, ಮಾರ್ಚ್ ೧೯
ಅಂಗಡಿಯಿಂದ, ಬಾಗಿಲು ಮುಂದೆ ಮಾಡಿಕೊಂಡು

ಪ್ರೀತಿಯ ಚಿಕ್ಕು,

ಹೇಗಿದ್ದೀಯ? ತಡವಾದದ್ದಕ್ಕೆ ಮೊದಲು ಕ್ಷಮಿಸು. ಹದಿನೈದು ದಿನದಿಂದ ಬೆಳಿಗ್ಗೆ ನಿನ್ನ ಫೋನು ಬಂದರೆ ನಾನು ಎತ್ತುತ್ತಿಲ್ಲ. ಗಂಟಲು ಕಟ್ಟಿದೆ ಎಂದು ನಿನ್ನ ಭಾವನ ಕೈಯಲ್ಲಿ ಹೇಳಿಸಿದ್ದು ಸುಳ್ಳು. ಗಂಟಲು ಗಟ್ಟಿಮುಟ್ಟಾಗಿದೆ, ದಿನವಿಡೀ ಗಿರಾಕಿಗಳ ಜೊತೆ ಹರಟುತ್ತಲೇ ಇದ್ದೇನೆ. ನಿನ್ನ ಹತ್ತಿರ ಮಾತ್ರ ಮಾತು ಹೊರಡುತ್ತಿಲ್ಲ. ಫೋನಿನಲ್ಲಾದರೆ ನೀನು ಎರಡನೆಯ ಮಾತಿಗೇ ನಗಿಸಿಬಿಡುತ್ತೀ, ನಾನೂ ನಕ್ಕುಬಿಡುತ್ತೇನೆ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಹುಟ್ಟಿದಾಗಿನಿಂದ ಇಂಥ ಅವಕಾಶ ನನಗೆ ಸಿಕ್ಕಿರುವುದು ಇದೇ ಮೊದಲು. ಆದ್ದರಿಂದ ಕೂತು ಪೂರ್ತಿ ಓದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ನೆಗಡಿ. ಕನ್ನಡಕ ಕೂರಿಸುವ ನೆಪದಲ್ಲಿ ಊರಿನವರ ಮುಖಕ್ಕೆಲ್ಲ ಉಸಿರು ತಾಗುವಷ್ಟು ಹತ್ತಿರ ಬಾಗುತ್ತಾರಲ್ಲ, ಯಾರದೋ ನೆಗಡಿ ಇವರಿಗೆ, ಇವರದು ಇನ್ನಾರಿಗೋ. ನನ್ನ ಅಂಗಡಿಗೆ ಕೂದಲು ಕತ್ತರಿಸಲು ಹೊಸ ಕುರ್ಚಿ ಬಂದಿದೆ. ಕಾಲಿನಿಂದ ಒತ್ತಿದರೆ ಏರುತ್ತದೆ, ಇಳಿಯುವುದು ಮಾತ್ರ ಅದರ ಇಷ್ಟ. ಮೊನ್ನೆ ನಮ್ಮ ರಿಟೈರಾದ ಹೆಡ್‌ಮಿಸ್ಟ್ರೆಸ್ ಮೇಲೆ ಹೋದವರು ಇಳಿಯಲಾಗದೆ ಕಾಲು ನೇತುಬಿಟ್ಟುಕೊಂಡು ಕೂತಿದ್ದರು. ‘ಅಷ್ಟು ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ದೆನಲ್ಲಮ್ಮ, ಅದಕ್ಕೆ ಇದು’ ಎಂದರು. ಊರಿನ ಸುದ್ದಿ ಇಷ್ಟೇ.

ಇನ್ನು ವಿಷಯ. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕ್ರಮವಾಗಿ ಬರೆಯದಿದ್ದರೆ ಕಾಗದದ ತುಂಬ ಬರೀ ಬೈಗುಳವೇ ಆದೀತು ಎಂದು ನನಗೆ ಭಯ.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಒಟ್ಟಿಗೆ ರಕ್ತ ಪರೀಕ್ಷೆ ಮಾಡಿಸಿಕೊಂಡಾಗ ಡಾಕ್ಟರು, ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ, ಎಂದಿದ್ದರು. ಮಾರನೆಯ ದಿನದಿಂದಲೇ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ನೀನು ನಿನ್ನೂರಿನ ರೈಲು ಹಳಿಯ ಪಕ್ಕ, ನಾನು ನಮ್ಮ ಪಾರ್ಕಿನ ಸುತ್ತ ನಡೆಯತೊಡಗಿದೆವು. ಇಬ್ಬರ ಮೈಯಿಂದಲೂ ಇಳಿದದ್ದನ್ನು ಒಟ್ಟುಹಾಕಿದ್ದರೆ ಇನ್ನೊಬ್ಬಳು ಹೆಂಗಸೇ ಆಗುತ್ತಿದ್ದಳು. ‘ನಮ್ಮಿಬ್ಬರಲ್ಲಿ ಬಾಡಿಗೆಗಿದ್ದ ಮೂರನೆಯವಳು ಮನೆ ಖಾಲಿ ಮಾಡಿದಳು ಕಣೇ, ಪರದೆ ಮಾತ್ರ ಬಿಚ್ಚಿಕೊಂಡು ಹೋಗ್ಲಿಲ್ಲ’ ಎಂದು ನೀನೇ ತಮಾಷೆ ಮಾಡಿದ್ದೆ. ಪರದೆ ಅಂದರೆ ನಮ್ಮಿಬ್ಬರ ತೋಳಿನಿಂದ ಜೋತುಬಿದ್ದ ಚರ್ಮ.

ನೀನು ಸ್ಟೇಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂರುವವಳು. ರೈಲು ಕೇಳಲು ಬಂದವರಿಗೆ ನಿನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ನನ್ನದು ಹಾಗಲ್ಲ. ಕೂದಲು ಕತ್ತರಿಸುವವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕೈ ಎತ್ತಿಕೊಂಡು ಕನ್ನಡಿಯ ಮುಂದೆಯೇ ನಿಲ್ಲಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ತೋಳಿನದಕ್ಕೆ ಬೇಕು, ಅದು ನನ್ನೆದುರಿಗೇ ಗೋಡೆಯಷ್ಟು ದೊಡ್ಡದಾಗಿದೆ. ಕತ್ತರಿ ಆಡಿದಂತೆಲ್ಲ ಚರ್ಮವೂ ಆಡುತ್ತದೆ, ಕತ್ತರಿ ನಿಲ್ಲಿಸಿದ ಮೇಲೂ ಒಂದು ಗಳಿಗೆ ಆಡುತ್ತಲೇ ಇರುತ್ತದೆ. ಡಿಸೆಂಬರಿನಲ್ಲಿ ಕೂದಲು ನೆಟ್ಟಗೆ ಮಾಡುವ ಕಾದ ಇಕ್ಕಳ ತಾಗಿ ಅಲ್ಲೇ ಬೊಬ್ಬೆ ಬಂತು. ಅದೇ ವಾರ ಒಂದು ಪುಟ್ಟ ಹುಡುಗಿ ಕುರ್ಚಿಯಲ್ಲಿ ಕೂತು ಕನ್ನಡಿ ನೋಡುತ್ತಾ, ‘ಆಂಟಿ, ನಿಮ್ಮ ಕೈಗೆ ಇನ್ನೊಂದು ಕೈ ನೇತಾಡ್ತಾ ಇದೆ, ಅದು ಬಿದ್ದು ಹೋಗಲ್ವಾ?’ ಎಂದಳು. ಅವಳ ತಾಯಿ ಕೆಂಪಗಾದಳು. ನಾನು ನಕ್ಕೆ. ಆದರೆ ಆ ದಿನ ಆ ಮಗುವಿನ ಮುಂಗೂದಲನ್ನು ಸೊಟ್ಟಗೆ ಕತ್ತರಿಸಿ ಕಳಿಸಿದೆ.

ಏನು ಮಾಡಲಿ ಎಂದು ನಿನ್ನ ಭಾವನನ್ನು ಕೇಳಿದೆ. ‘ಯಾವ ತೋಳು?’ ಎಂದರು. ಇಷ್ಟು ವರ್ಷ ಊರಿನವರ ದೃಷ್ಟಿಯನ್ನೆಲ್ಲ ತಿದ್ದಿದ ಮನುಷ್ಯ.

ಕೊನೆಗೆ ಜನವರಿಯಲ್ಲಿ ನಿನ್ನನ್ನು ಕೇಳಿದೆ. ಜೋಲುಚರ್ಮವನ್ನು ಕತ್ತರಿಸಿ ತೆಗೆದು ತೋಳನ್ನು ಬಿಗಿ ಮಾಡಿ ಹೊಲಿಯುವ ಆಪರೇಷನ್ ಒಂದಿದೆಯಂತೆ, ಮಾಡಿಸಿಕೊಳ್ಳಲಾ, ಹೆದರಿಕೆಯಾಗುತ್ತದೆ, ಜೊತೆಗೆ ಬರುತ್ತೀಯಾ ಎಂದು. ನೀನು ಏನಂದೆ, ನೆನಪಿದೆಯಾ? ನನಗೆ ಒಂದಕ್ಷರ ಬಿಡದೆ ನೆನಪಿದೆ. ‘ಐವತ್ತಾರಕ್ಕೆ ತೋಳು ಯಾರಿಗೇ ತೋರಿಸ್ಬೇಕು ನೀನು? ಹುಟ್ಟಿದ್ದು ಜೊತೆಗೆ, ಇಳಿದಿದ್ದು ಜೊತೆಗೆ, ಜೋತಾಡೋದೂ ಜೊತೆಗೇ ಇರ್ಲಿ ಬಿಡು.’ ಇಬ್ಬರೂ ಎಷ್ಟು ನಕ್ಕೆವು. ಪಾರ್ಕಿನಲ್ಲಿ ನಡೆಯುತ್ತಿದ್ದವರೆಲ್ಲ ನನ್ನತ್ತ ತಿರುಗಿ ನೋಡಿದರು. ಆ ಮಾತನ್ನು ಹಿಡಿದುಕೊಂಡು ನಾನು ಸುಮ್ಮನಿದ್ದೆ. ತಂಗಿಯದೂ ಜೋತಾಡುತ್ತಿದೆಯಲ್ಲ, ಅವಳಿಗಿಲ್ಲದ ನಾಚಿಕೆ ನನಗೇಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಬೇಸಿಗೆ ಬಂತು. ಚರ್ಮ ಚರ್ಮಕ್ಕೆ ಉಜ್ಜಿ ಒಳಗೆಲ್ಲ ಕೆಂಪು ಗುಳ್ಳೆ. ಡಾಕ್ಟರನ್ನು ಬರೀ ಕೇಳಿಕೊಂಡು ಬರುವುದರಲ್ಲಿ ತಪ್ಪೇನು ಎಂದು ಈ ತಿಂಗಳ ಮೊದಲ ಶುಕ್ರವಾರ, ಯಾರಿಗೂ ಹೇಳದೆ, ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ. ನಮ್ಮ ಬೀದಿಯಿಂದ ಬಸ್ಸಿನಲ್ಲಿ ಎರಡೇ ಸ್ಟಾಪು. ಕೆಳಗೆ ಔಷಧಿ ಅಂಗಡಿ, ಮೇಲೆ ಮೂರು ಅಂತಸ್ತಿನ ಆಸ್ಪತ್ರೆ, ಮೆಟ್ಟಿಲ ಪಕ್ಕ ಕುಂಡದಲ್ಲಿ ಪ್ಲಾಸ್ಟಿಕ್ ಗಿಡ. ನಿನಗೆ ವರ್ಣಿಸಿ ಹೇಳಬೇಕಾಗಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಕೌಂಟರಿನಲ್ಲಿದ್ದವಳು ನನ್ನನ್ನು ನೋಡಿದ್ದೇ ತಡ, ‘ಬನ್ನಿ ಮೇಡಂ, ತುಂಬ ದಿನ ಆಯ್ತು’ ಎಂದಳು. ಹೆಸರು ಹೇಳಿದೆ. ಅವಳು ಹೆಸರು ನೋಡಿ, ಮುಖ ನೋಡಿ, ದನಿ ತಗ್ಗಿಸಿ, ‘ಗೊತ್ತಾಯ್ತು ಬಿಡಿ. ಇಲ್ಲಿಗೆ ಬರೋರು ಅರ್ಧ ಜನ ಬೇರೆ ಹೆಸರಲ್ಲೇ ಬರ್ತಾರೆ’ ಎಂದಳು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಹೀಗೆ ಮಾತಾಡಿಸುವುದು ಮರ್ಯಾದೆಯಿರಬೇಕು ಎಂದುಕೊಂಡು ನಾನೂ ನಕ್ಕೆ.

ಒಳಗೆ ಒಬ್ಬರು ವಯಸ್ಸಾದ ನರ್ಸಮ್ಮ. ನೋಡಿದೊಡನೆ ಬಂದು ನನ್ನ ಎರಡೂ ಅಂಗೈ ಹಿಡಿದುಕೊಂಡರು. ‘ಹೇಗಿದೆಯಮ್ಮ ಕೈ? ಉರಿ ನಿಂತಿತಾ?’ ಎಂದರು. ಇಕ್ಕಳ ತಾಗಿ ಸುಟ್ಟದ್ದು ಇವರಿಗೆ ಹೇಗೆ ತಿಳಿಯಿತು ಎಂದು ಆಶ್ಚರ್ಯವಾಯಿತು. ಹೂಂ, ಈಗ ಪರವಾಗಿಲ್ಲ, ಎಂದೆ. ‘ನಾನು ಹೇಳಿರ್ಲಿಲ್ವಾ, ಎಲ್ಲಾ ಸರಿಹೋಗುತ್ತೆ ಅಂತ’ ಎನ್ನುತ್ತಾ ನನ್ನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು.

ಸರಿಸಿದ ಕೈ ಅಲ್ಲೇ ನಿಂತಿತು ಚಿಕ್ಕು. ಇನ್ನೊಂದು ತೋಳನ್ನೂ ಸರಿಸಿ ನೋಡಿದರು. ‘ಅಯ್ಯೋ ದೇವರೇ’ ಎಂದು ಮೆಲ್ಲಗೆ ಅಂದು, ನನ್ನನ್ನು ಹಾಗೇ ಬಿಟ್ಟು ಡಾಕ್ಟರನ್ನು ಕರೆತರಲು ಓಡಿದರು. ನನಗೆ ಕ್ಯಾನ್ಸರೇ ಇರಬೇಕು ಎಂದುಕೊಂಡೆ. ಬರೀ ತೋಳು ನೋಡಿ ಓಡಿಹೋಗುವಂಥದ್ದು ಮತ್ತೇನಿದ್ದೀತು?

ಡಾಕ್ಟರು ಬಂದರು. ನಮ್ಮ ವಯಸ್ಸಿನವರೇ, ಸಮಾಧಾನದ ಮನುಷ್ಯ. ನನ್ನ ಬಲಗೈ ಎತ್ತಿ ಕೆಳಗಿನಿಂದ ನೋಡಿದರು. ಎಡಗೈ ಎತ್ತಿ ನೋಡಿದರು. ಜೋತುಬಿದ್ದದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇದನ್ನ ನಾನು ತೆಗೆದಿದ್ದೆ’ ಎಂದರು. ನನಗಲ್ಲ, ನರ್ಸಮ್ಮನಿಗೆ. ‘ಎಂಟು ತಿಂಗಳಲ್ಲಿ ಇಷ್ಟು ಚರ್ಮ ಬರೋಕೆ ಸಾಧ್ಯ ಇಲ್ಲ. ಬಂದ್ರೂ ಹೊಲಿಗೆ ಗುರುತು ಎಲ್ಲಿ ಹೋಯ್ತು?’

ನಾನು ಎರಡು ಕೈಯನ್ನೂ ಮೇಲೆತ್ತಿಕೊಂಡೇ ಕೂತಿದ್ದೆ, ಇಳಿಸಬೇಕೆಂದು ತೋಚಲಿಲ್ಲ. ಆಗ ನರ್ಸಮ್ಮ ನನ್ನ ಎಡತೋಳಿನ ಒಳಮೈಯನ್ನು ತೋರಿಸಿ, ‘ಸಾರ್, ಮಚ್ಚೆ ನೋಡಿ. ಅವರದು ಬಲಗೈಯಲ್ಲಿತ್ತು’ ಎಂದರು.

ಕೇಳುವ ಮೊದಲೇ ನನಗೆ ಎಲ್ಲ ಗೊತ್ತಾಗಿತ್ತು, ಗೊತ್ತಾದದ್ದನ್ನು ಒಪ್ಪಿಕೊಳ್ಳಲು ಮೈ ತಯಾರಿರಲಿಲ್ಲ. ‘ನನಗೊಬ್ಬಳು ಅವಳಿ ತಂಗಿ ಇದ್ದಾಳೆ’ ಎಂದೆ. ಡಾಕ್ಟರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ‘ಹೇಳಬಾರದ್ದನ್ನ ಹೇಳಿಬಿಟ್ಟೆ ನಾನು. ತುಂಬ ದೊಡ್ಡ ತಪ್ಪಾಯ್ತು, ಕ್ಷಮಿಸಬೇಕು’ ಎಂದು ಕೈಮುಗಿದರು. ಪಾಪ, ಅವರ ತಪ್ಪೇನಿದೆ? ನಮ್ಮ ಮುಖ ನೋಡಿ ಹೆತ್ತ ತಾಯಿಯೇ ತಬ್ಬಿಬ್ಬಾಗುತ್ತಿದ್ದಳು.

ಮನೆಗೆ ಹೇಗೆ ಬಂದೆನೋ ತಿಳಿಯದು. ಎರಡು ಸ್ಟಾಪು ದಾಟಿ ನಾಲ್ಕನೆಯದರಲ್ಲಿ ಇಳಿದು ನಡೆದುಕೊಂಡು ಹಿಂದೆ ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕಳೆದ ಜುಲೈಯಲ್ಲಿ ಇಲಾಖೆಯ ತರಬೇತಿ, ಫೋನು ಒಳಗೆ ಬಿಡುವುದಿಲ್ಲ, ಅಂದಿದ್ದೆಯಲ್ಲ, ಅದು ಇದೇ. ನನ್ನ ಅಂಗಡಿಯಿಂದ ಎರಡು ಸ್ಟಾಪು ದೂರದಲ್ಲಿ ನೀನು ಎರಡೂ ಕೈಗೆ ಬಿಗಿ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದೆ. ನಾನು ಇಲ್ಲಿ ಯಾರದೋ ಕೂದಲಿಗೆ ಬಣ್ಣ ಹಚ್ಚುತ್ತಾ, ನಮ್ಮ ಚಿಕ್ಕುಗೆ ಈ ವಯಸ್ಸಲ್ಲೂ ಪಾಠ ಕೇಳುವ ಗ್ರಹಚಾರ ನೋಡಿ ಎಂದು ನಗುತ್ತಿದ್ದೆ. ಆಮೇಲೆ ನೀನು ಎರಡು ಸಲ ಬರುತ್ತೇನೆ ಎಂದು ಬರಲಿಲ್ಲ. ಒಂದು ಸಲ ರಜೆ ಸಿಗಲಿಲ್ಲ, ಇನ್ನೊಂದು ಸಲ ಮನೆಗೆ ಬಣ್ಣ ಹೊಡೆಸುತ್ತಿದ್ದೆ. ವಿಡಿಯೋದಲ್ಲಿ ಮುಖ ತೋರಿಸಿದಾಗಲೆಲ್ಲ ಸೆಕೆಗಾಲದಲ್ಲೂ ಹೆಗಲ ಮೇಲೆ ಶಾಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀನು ಜಾಣೆ, ಹೆಗಲನ್ನೇ ಮುಚ್ಚಿಟ್ಟೆ.

ಆಪರೇಷನ್ ಮಾಡಿಸಿಕೊಂಡದ್ದಕ್ಕೆ ನನಗೆ ಕೋಪವಿಲ್ಲ. ನಿನ್ನ ಮೈ, ನಿನ್ನ ತೋಳು. ಆದರೆ ಜನವರಿಯಲ್ಲಿ ‘ಜೋತಾಡೋದೂ ಜೊತೆಗೇ ಇರ್ಲಿ’ ಅಂದೆಯಲ್ಲ, ಆಗ ನಿನ್ನ ತೋಳು ಬಿಗಿಯಾಗಿ ಆರು ತಿಂಗಳಾಗಿತ್ತು. ಹೇಗೆ ನಕ್ಕೆ ನೀನು? ನನ್ನ ಜೊತೆ ಅಷ್ಟು ಹೊತ್ತು ಹೇಗೆ ನಕ್ಕೆ? ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಸಂಜೆಯೊಳಗೆ ನಿನಗೆ ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ನೀನೇ ಮಾಡಿದ್ದನ್ನು ಯಾರಿಗೆ ಹೇಳಲಿ? ನಿನ್ನ ಭಾವನಿಗೂ ಹೇಳಿಲ್ಲ.

ಇನ್ನೂ ಬರೆಯುವುದಿದೆ. ನಾಳೆ ಮುಂದುವರಿಸುತ್ತೇನೆ.

ಸೋಮವಾರ, ಮಧ್ಯಾಹ್ನ

ಚಿಕ್ಕು, ನಿನ್ನೆ ಬರೆದದ್ದನ್ನು ಬೆಳಿಗ್ಗೆ ಓದಿದೆ. ಹರಿದು ಹಾಕೋಣ ಅನ್ನಿಸಿತು, ಹಾಕಲಿಲ್ಲ. ಬರೆದದ್ದೆಲ್ಲ ನಿಜವೇ. ಆದರೆ ಇವತ್ತು ಒಂದು ಸಂಗತಿಯಾಯಿತು, ಅದನ್ನು ಓದಿದ ಮೇಲೆ ನಿನ್ನೆಯದನ್ನು ಇನ್ನೊಮ್ಮೆ ಓದು.

ಹೆಡ್‌ಮಿಸ್ಟ್ರೆಸ್ ಬಣ್ಣ ಹಾಕಿಸಿಕೊಳ್ಳಲು ಬಂದಿದ್ದರು. ನೆತ್ತಿಯ ಮೇಲಿನ ಕೂದಲನ್ನು ಬಾಚಣಿಗೆಯ ತುದಿಯಲ್ಲಿ ಬೇರೆ ಮಾಡಲು ಎಡಗೈ ಎತ್ತಿದೆ. ಕನ್ನಡಿಯಲ್ಲಿ ಮಚ್ಚೆ ಕಾಣಿಸಿತು. ನನ್ನದು ಎಡಗೈಯಲ್ಲಿದೆ, ಆದರೆ ಕನ್ನಡಿಯಲ್ಲಿ ನಿಂತವಳ ಬಲಗೈಯಲ್ಲಿ. ಅಂದರೆ ನಿನ್ನದು. ಇಷ್ಟು ವರ್ಷ ದಿನವೂ ನೋಡಿದ್ದೇನೆ, ಅದಕ್ಕೇ ಇರಬೇಕು ಅಂಗಡಿಯಲ್ಲಿ ನನಗೆ ಒಂಟಿ ಅನ್ನಿಸುತ್ತಲೇ ಇರಲಿಲ್ಲ. ನೀನು ಎದುರಿಗೆ ನಿಂತು ಕೆಲಸ ಮಾಡುತ್ತಿದ್ದೆ. ಇವತ್ತು ನೋಡಿದರೆ, ಕನ್ನಡಿಯಲ್ಲಿ ಇರುವವಳಿಗೆ ಮಚ್ಚೆ ಇದೆ, ನಿನ್ನದು ಆಪರೇಷನ್ನಿನಲ್ಲೇ ಹೋಗಿದೆ. ಹಾಗಾದರೆ ಅವಳು ಯಾರು? ಬಾಚಣಿಗೆ ಹಿಡಿದ ಕೈ ಮೇಲೆಯೇ ನಿಂತಿತು. ‘ಯಾಕಮ್ಮ, ಕೈ ಎತ್ತಿಕೊಂಡು ನಿಂತೆ? ಉತ್ತರ ಗೊತ್ತಿದ್ರೆ ಹೇಳು’ ಎಂದರು ಹೆಡ್‌ಮಿಸ್ಟ್ರೆಸ್.

ಆ ಮಾತು ಕೇಳಿದ್ದೇ ಅಮ್ಮ ನೆನಪಾದಳು. ಚಿಕ್ಕವರಿದ್ದಾಗ ಇಬ್ಬರಿಗೂ ಜ್ವರ ಬಂದು, ಅಮ್ಮ ಗಾಬರಿಯಲ್ಲಿ ಒಬ್ಬಳಿಗೇ ಎರಡು ಸಲ ಔಷಧಿ ಕುಡಿಸಿ, ಆ ಒಬ್ಬಳು ನಾನಾಗಿ, ದಿನವಿಡೀ ನಾನು ನಿದ್ದೆಗಣ್ಣಲ್ಲೇ ಇದ್ದೆನಂತಲ್ಲ. ಅಂದಿನಿಂದ ಅವಳದು ಒಂದೇ ಪದ್ಧತಿ. ಔಷಧಿ ಕೊಡಲಿ, ಬೆನ್ನುಜ್ಜಲಿ, ಬೈಯಲಿ, ಮೊದಲು ‘ಕೈ ಎತ್ತು’. ಅವಳು ನೋಡುತ್ತಿದ್ದುದು ಬಲಗೈಯನ್ನು ಮಾತ್ರ. ಮಚ್ಚೆ ಇದ್ದರೆ ಚಿಕ್ಕು, ಇಲ್ಲದಿದ್ದರೆ ದೊಡ್ಡು. ನನ್ನ ಎಡಗೈ ನೋಡುವ ತಾಪತ್ರಯವನ್ನು ಅವಳು ತೆಗೆದುಕೊಳ್ಳಲೇ ಇಲ್ಲ. ಕೊನೆಗಾಲಕ್ಕೆ ಕಣ್ಣು ಪೂರ್ತಿ ಹೋದ ಮೇಲೂ ಬಿಡಲಿಲ್ಲ. ಹಾಸಿಗೆಯ ಪಕ್ಕ ಕೂತವರ ಬಲತೋಳಿನ ಒಳಕ್ಕೆ ಹೆಬ್ಬೆರಳು ಇಟ್ಟು ನೋಡುತ್ತಿದ್ದಳು. ಮೆಣಸಿನಕಾಳಿನಷ್ಟು ಉಬ್ಬು ಸಿಕ್ಕಿದರೆ ನೀನು.

ಆಮೇಲೆ ನಾವು ಇಳಿದೆವು. ಚರ್ಮ ಜಾರಿತು, ಚರ್ಮದ ಜೊತೆ ಮಚ್ಚೆಯೂ ಜಾರಿ ಕೆಳಗೆ ಜೋಲಿನ ಅಂಚಿಗೆ ಹೋಯಿತು. ಅಮ್ಮನ ಹೆಬ್ಬೆರಳು ಮಾತ್ರ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಅಲ್ಲಿ ಏನೂ ಸಿಗುತ್ತಿರಲಿಲ್ಲ. ‘ದೊಡ್ಡು, ಬಂದೆಯಾ? ಚಿಕ್ಕು ಎಲ್ಲಿ, ಇವತ್ತೂ ಬರ್ಲಿಲ್ವಾ?’ ಎನ್ನುತ್ತಿದ್ದಳು. ಅದೂ ಯಾರಿಗೆ? ಮದುವೆ ಗಿದುವೆ ಬೇಡ ಅಂದು ಅವಳನ್ನು ನಿನ್ನ ಮನೆಯಲ್ಲೇ ಇಟ್ಟುಕೊಂಡು, ಸ್ನಾನ ಮಾಡಿಸಿ, ಉಣ್ಣಿಸಿ, ಮಗ್ಗುಲು ಬದಲಿಸಿದ ನಿನಗೆ. ನಾನು ಭಾನುವಾರ ಬಂದಾಗ ನನ್ನ ಬಲಗೈಯಲ್ಲೂ ಮಚ್ಚೆ ಇಲ್ಲ, ಆಗಲೂ ದೊಡ್ಡು. ವಾರಪೂರ್ತಿ ದೊಡ್ಡು ನೋಡಿಕೊಂಡಳು, ಭಾನುವಾರವೂ ದೊಡ್ಡುವೇ ಬಂದಳು, ಚಿಕ್ಕುವಿನ ಸುದ್ದಿಯೇ ಇಲ್ಲ. ನಾವಿಬ್ಬರೂ ಅದಕ್ಕೆ ನಗುತ್ತಿದ್ದೆವು. ‘ನಿನ್ನ ಪುಣ್ಯದ ಖಾತೆಗೆ ನನ್ನ ದುಡಿಮೆ ಕಣೇ’ ಎಂದು ನೀನೇ ಮೊದಲು ನಗುತ್ತಿದ್ದೆ. ನಾನು ನಿಜವಾಗಿ ನಗುತ್ತಿದ್ದೆ ಚಿಕ್ಕು. ನೀನು ನಗುತ್ತಿರಲಿಲ್ಲ ಎಂಬುದು ಇವತ್ತು ಆ ಬಾಚಣಿಗೆ ಹಿಡಿದು ನಿಂತಾಗ ಹೊಳೆಯಿತು. ಹೆಡ್‌ಮಿಸ್ಟ್ರೆಸ್ಸೇ ಎದ್ದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ, ಅರ್ಧ ಬಣ್ಣದ ತಲೆಯಲ್ಲೇ ನನಗೆ ನೀರು ತಂದುಕೊಟ್ಟರು.

ಅಮ್ಮ ಹೋಗಿ ಒಂದೂವರೆ ವರ್ಷವಾಯಿತು. ಕೊನೆಯ ದಿನವೂ ನಿನ್ನ ಕೈ ಹಿಡಿದುಕೊಂಡೇ ಚಿಕ್ಕುವನ್ನು ಕರೆಯಿರಿ ಅಂದಿದ್ದಳು.

ಆಸ್ಪತ್ರೆಯಲ್ಲಿ ಕೇಳಿದ ಒಂದು ಮಾತನ್ನು ನಿನ್ನೆ ಬರೆದಿರಲಿಲ್ಲ. ಡಾಕ್ಟರು ಹೊರಗೆ ಹೋದ ಮೇಲೆ ನರ್ಸಮ್ಮ ನನ್ನ ಪಕ್ಕ ಕೂತು, ‘ಇದನ್ನೆಲ್ಲ ನಾನು ಹೇಳಬಾರದು. ಆದ್ರೆ ಅವರ ಮುಖಾನೇ ಹೊತ್ಕೊಂಡು ಎದುರಿಗೆ ಕೂತಿದ್ದೀರಲ್ಲ ತಾಯಿ, ಹೇಗೆ ಸುಮ್ನಿರ್ಲಿ’ ಎಂದರು. ಆಪರೇಷನ್ನಿಗೆ ಮೊದಲು ಡಾಕ್ಟರು ನಿನ್ನ ತೋಳಿನ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, ಮಚ್ಚೆ ಸರಿಯಾಗಿ ಕತ್ತರಿಸುವ ಜಾಗದಲ್ಲೇ ಬರುತ್ತದೆ, ಹೋಗಿಬಿಡುತ್ತದೆ, ಪರವಾಗಿಲ್ಲವೇ ಎಂದು ಕೇಳಿದರಂತೆ. ‘ತೆಗೆದುಬಿಡಿ. ಅದನ್ನ ಹುಡುಕೋರು ಈಗ ಯಾರೂ ಇಲ್ಲ’ ಅಂದೆಯಂತೆ. ಆ ದಿನ ಇದು ನನಗೆ ಅರ್ಥವಾಗಿರಲಿಲ್ಲ. ಸೊಕ್ಕಿನ ಮಾತು ಅಂದುಕೊಂಡು ಮನೆಗೆ ಬಂದಿದ್ದೆ.

ಆದರೆ ಒಂದು ಮಾತು ಯೋಚಿಸಿದೆಯಾ? ಅಮ್ಮನ ಲೆಕ್ಕದಲ್ಲಿ ಮಚ್ಚೆ ಇಲ್ಲದವಳು ದೊಡ್ಡು. ನನ್ನಿಂದ ಬಿಡಿಸಿಕೊಳ್ಳಬೇಕೆಂದು ನೀನು ಹೋಗಿ ಕತ್ತರಿಸಿಕೊಂಡು ಬಂದದ್ದು ನಿನ್ನ ಗುರುತನ್ನೇ. ಈಗ ಎಲ್ಲಿಂದಾದರೂ ಅಮ್ಮ ಬಂದು ಕೈ ಎತ್ತು ಅಂದರೆ, ಇಬ್ಬರೂ ದೊಡ್ಡುಗಳೇ. ಇದಕ್ಕೆ ನಗುತ್ತೀಯೋ ಅಳುತ್ತೀಯೋ ನನಗೆ ಗೊತ್ತಿಲ್ಲ. ಐವತ್ತಾರು ವರ್ಷದಲ್ಲಿ ಮೊದಲ ಸಲ, ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತಾಗುತ್ತಿಲ್ಲ. ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಆಘಾತ.

ಈಗ ನನ್ನ ಆಪರೇಷನ್ನಿನ ಮಾತು. ಆ ಶುಕ್ರವಾರ ನಾನು ಹೊರಡುವ ಮೊದಲು ಡಾಕ್ಟರು ಮತ್ತೆ ಬಂದು ತೋಳು ನೋಡಿ ಏಪ್ರಿಲ್ ಹನ್ನೊಂದಕ್ಕೆ ದಿನ ಕೊಟ್ಟಿದ್ದಾರೆ. ಕಂಕುಳಿನಿಂದ ಮೊಣಕೈವರೆಗೆ ಉದ್ದಕ್ಕೆ ಗೀರು ಉಳಿಯುತ್ತದಂತೆ. ಕೆಲವು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲವಂತೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಇಷ್ಟನ್ನು ಮಾತ್ರ ಇವರಿಗೆ ಹೇಳಿದೆ. ‘ಹಾಗಾದ್ರೆ ನಿನ್ನ ಅಂಗಡಿ? ನಾನು ಹೋಗಿ ಕತ್ತರಿಸ್ಲಾ? ಕಿವಿ ಬಿಟ್ಟು ಬೇರೆಲ್ಲಾ ಕತ್ತರಿಸ್ತೀನಿ, ಕನ್ನಡಕಕ್ಕೆ ಕಿವಿ ಬೇಕು’ ಎಂದರು. ನನ್ನ ಮಚ್ಚೆಯೂ ಆ ನೀಲಿ ಗೆರೆಯೊಳಗೇ ಬರುತ್ತದೆ. ಉಳಿಸಲಾಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ನನ್ನದು ಹೋದರೆ ಕನ್ನಡಿಯಲ್ಲಿರುವ ನೀನೂ ಹೋಗುತ್ತೀ. ಉಳಿಸಿಕೊಂಡರೆ ದಿನವೂ ಕೈ ಎತ್ತಿದಾಗಲೆಲ್ಲ ನೀನು ಬಿಸಾಡಿ ಬಂದದ್ದನ್ನು ನೋಡುತ್ತಾ ನಿಲ್ಲಬೇಕು. ಯಾವುದು ಕಷ್ಟ ಎಂದು ತೂಗಿ ತೂಗಿ ಸಾಕಾಗಿದೆ. ನಿನ್ನ ಕೈಯನ್ನು ಕಣ್ಣಾರೆ ನೋಡದೆ ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ.

ಆದ್ದರಿಂದ ಬಾ. ಶಾಲು ಮನೆಯಲ್ಲೇ ಬಿಟ್ಟು ಬಾ. ಜಗಳವಾಡುವುದಾದರೆ ಎದುರಿಗೆ ಕೂತು ಆಡೋಣ, ನಿನ್ನ ಭಾವನನ್ನು ಅಂಗಡಿಗೆ ಅಟ್ಟುತ್ತೇನೆ. ಅಮ್ಮ ಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದರೆ ಅರ್ಥವಿಲ್ಲ, ಆದರೂ ನಿನ್ನ ಹೆಸರಿಗೆ ಬರಬೇಕಾಗಿದ್ದದ್ದು ನನ್ನ ಹೆಸರಿಗೆ ಬಂದಿದೆ, ಅದನ್ನು ಇಟ್ಟುಕೊಂಡು ಕೂರಲು ನನ್ನಿಂದ ಆಗುತ್ತಿಲ್ಲ. ನೀನು ಬೆನ್ನಿಗೆ ಬಿದ್ದವಳು, ಕೆಲವೇ ನಿಮಿಷಕ್ಕಾದರೂ ಚಿಕ್ಕವಳು, ಆ ಸಲಿಗೆಯಿಂದ ಆಶೀರ್ವಾದ ಮಾಡುತ್ತೇನೆ. ನಿನ್ನ ಗಾಯ ಉರಿಯದಿರಲಿ. ನಿನ್ನ ತೋಳು ಚೆನ್ನಾಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ದೊಡ್ಡು

ತಾ.ಕ.: ಒಂದು ಮಾತನ್ನು ಬರೆಯಲೇಬಾರದೆಂದು ಎರಡು ದಿನದಿಂದ ತಡೆದುಕೊಂಡಿದ್ದೆ. ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ. ಆಪರೇಷನ್ನಿಗೆ ಮೊದಲು ಎಲ್ಲರನ್ನೂ ಕೇಳುವಂತೆ ನರ್ಸಮ್ಮ ನಿನ್ನನ್ನೂ ಕೇಳಿದರಂತೆ, ಹೊರಗೆ ಯಾರು ಕಾಯುತ್ತಾರೆ, ಒಡಹುಟ್ಟಿದವರು ಯಾರಾದರೂ ಇದ್ದಾರಾ ಎಂದು. ‘ಯಾರೂ ಇಲ್ಲ, ನಾನು ಹುಟ್ಟಿದ್ದು ಒಬ್ಬಳೇ’ ಅಂದೆಯಂತೆ. ನಿನ್ನ ತಮಾಷೆ ನನಗೆ ಗೊತ್ತಿಲ್ಲವೇ? ಅದಕ್ಕೇ ಕೇಳಿದೆ, ಹಾಗೆ ಹೇಳುವಾಗ ಅವಳು ನಗುತ್ತಿದ್ದಳಾ ಎಂದು. ಅವರು, ‘ಇಲ್ಲಮ್ಮ’ ಎಂದರು. ಆಮೇಲೆ ಅದೇ ಪ್ರಶ್ನೆಯನ್ನು ನನಗೂ ಕೇಳಿದರು. ಒಬ್ಬಳು ತಂಗಿ ಇದ್ದಾಳೆ, ಅವಳೇ ಬರುತ್ತಾಳೆ, ಎಂದೆ.